ಪಾತ್ರದ ಹಿಂದಿನ ಕಥೆ ಎಷ್ಟು ಬರೆಯಬೇಕು: ನನ್ನ ಅನುಭವ

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತೊಟ್ಟು ಬಿಡಿಸುವ ಗಂಗವ್ವನ ಬಗ್ಗೆ ನಾನು ಬರೆಯುತ್ತಿದ್ದ ಕಥೆ ಮುಂದೆ ಸಾಗುತ್ತಲೇ ಇರಲಿಲ್ಲ. ಮದುವೆ, ಬರಗಾಲ, ಗಂಡನ ಸಾಲ ಎಲ್ಲ ಮುಗಿದು ಆಕೆ ದಲಾಲಿ ಅಂಗಡಿಗೆ ಬರುವಷ್ಟರಲ್ಲಿ ಓದುವವರು ಹಾಳೆ ಕೆಳಗಿಡುತ್ತಿದ್ದರು.

ಹಿಂದಿನದನ್ನು ಫ್ಲ್ಯಾಶ್‌ಬ್ಯಾಕ್ ಮಾಡಿ ನಡುವೆ ಇಟ್ಟರೆ ಕಥೆ ಅಲ್ಲಿ ನಿಂತಿತು. ಸಂಭಾಷಣೆಗೆ ತುರುಕಿದರೆ, ಗೊತ್ತಿದ್ದದ್ದನ್ನೇ ಅಕ್ಕತಂಗಿಯರು ಒಬ್ಬರಿಗೊಬ್ಬರು ಹೇಳಿಕೊಂಡಂತಾಯಿತು. ಪೂರ್ತಿ ತೆಗೆದರೆ, ಕೊನೆಗೆ ಆಕೆ ಕೆಲಸ ಬಿಟ್ಟು ಎದ್ದು ಹೋಗುವುದಕ್ಕೆ ಕಾರಣವೇ ಉಳಿಯಲಿಲ್ಲ.

ಸರಿಹೋದ ಕ್ರಮ ಇದು. ಮೊದಲು ಪಾತ್ರದ ಕೊನೆಯ ನಿರ್ಧಾರವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ಹಿಂದಿನ ಒಂದೊಂದು ಸಂಗತಿಗೂ ಒಂದೊಂದು ಸಾಲು. ಒಂದೊಂದನ್ನೇ ಕೈಯಿಂದ ಮುಚ್ಚಿ ನೋಡಿ: ಇದಿಲ್ಲದೆಯೂ ಆ ನಿರ್ಧಾರ ನಂಬುವಂತಿದ್ದರೆ, ಅದು ಕಥೆಯಿಂದ ಹೊರಗೆ. ನನಗೆ ಉಳಿದದ್ದು ಅಪ್ಪನಿಗೆ ತೂಕದಲ್ಲಾದ ಮೋಸ ಮಾತ್ರ. ಅದನ್ನೂ ಆರಂಭದಲ್ಲಿ ಹೇಳಬೇಡಿ. ಓದುಗನಿಗೆ 'ಯಾಕೆ?' ಅನ್ನಿಸಿದ ಮೇಲೆ, ನಿರ್ಧಾರಕ್ಕೆ ತುಸು ಮುಂಚೆ, ಎರಡು ವಾಕ್ಯ ಮೀರದಂತೆ, ಪಾತ್ರದ ಕೈಯಲ್ಲಿರುವ ಕೆಲಸಕ್ಕೆ ಅಂಟಿಸಿ. ನಾನು ಬರೆದದ್ದು ಹೀಗೆ: 'ಗಂಗವ್ವ ಚೀಲ ಎತ್ತಿ ನೋಡಿದಳು. ಅಪ್ಪನ ಚೀಲಾನೂ ತಕ್ಕಡ್ಯಾಗ ಹಿಂಗ ಹಗುರಾಗಿತ್ತು.'

ಅಪ್ಪನ ವಯಸ್ಸು, ಹೊಲದ ಅಳತೆ, ಸಾಲದ ಮೊತ್ತ ನೋಟ್‌ಬುಕ್ಕಿನಲ್ಲೇ ಇವೆ.