ಮೂಕರ್ಜಿಯ ಕೈಬರಹ: ಮರೆಮಾಚಿದ ಅಕ್ಷರವನ್ನು ಪರಿಶೀಲಿಸುವ ಬಗೆ

ಬೆಂಗಳೂರಿನ ಕಚೇರಿಗಳಿಗಾಗಲಿ ಅಪಾರ್ಟ್‌ಮೆಂಟ್ ಸಂಘಗಳಿಗಾಗಲಿ ಮೂಕರ್ಜಿ, ಅಂದರೆ ಬರೆದವರ ಹೆಸರಿಲ್ಲದ ದೂರುಪತ್ರ, ಹೊಸದೇನಲ್ಲ. ಗುರುತು ಸಿಗದಿರಲೆಂದು ಬರೆದವರು ಅಕ್ಷರವನ್ನು ವಾಲಿಸುತ್ತಾರೆ, ಗಾತ್ರ ಹಿಗ್ಗಿಸುತ್ತಾರೆ, ಕೆಲವೊಮ್ಮೆ ರೂಢಿಯಿಲ್ಲದ ಕೈಯಲ್ಲಿ ಬರೆಯುತ್ತಾರೆ. ಎದ್ದು ಕಾಣುವ ಇಂಥ ಬದಲಾವಣೆಗಳನ್ನು ಬದಿಗಿಟ್ಟು, ಬರೆದವರ ಗಮನಕ್ಕೇ ಬಾರದ ಅಭ್ಯಾಸಗಳನ್ನು ಹುಡುಕಬೇಕು.

ಪರಿಶೀಲನೆಗೆ ಮೂಲಪ್ರತಿಯೇ ಬೇಕು. ಪೆನ್ನಿನ ಒತ್ತಡವಾಗಲಿ, ಗೆರೆ ತಡವರಿಸಿ ಮುಂದುವರಿದ ಜಾಗವಾಗಲಿ ಜೆರಾಕ್ಸ್‌ನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಮೂಲಪ್ರತಿಯ ಮೇಲೆ ಬೇರೆ ಹಾಳೆಯಿಟ್ಟು ಬರೆಯಕೂಡದು. ಪತ್ರದ ಹಾಳೆಯನ್ನು ಹರಿದ ಪುಸ್ತಕದಲ್ಲಿ ಇದರ ಮೇಲಿದ್ದ ಹಾಳೆಯಲ್ಲಿ ಬರೆದದ್ದರ ಅಚ್ಚು ಇದರಲ್ಲಿ ಮೂಡಿದ್ದರೆ, ಓರೆಯಾಗಿ ಬೀಳುವ ಬೆಳಕಿನಲ್ಲಿ ಅದನ್ನು ಓದಲು ಸಾಧ್ಯವಿರುತ್ತದೆ.

ಪತ್ರವನ್ನು ಕೊನೆಯಿಂದ ನೋಡತೊಡಗುವುದು ಒಳ್ಳೆಯದು, ಏಕೆಂದರೆ ಮೊದಲ ಸಾಲುಗಳಲ್ಲಿದ್ದ ಎಚ್ಚರ ಬರೆಯುತ್ತ ಹೋದಂತೆ ಸಡಿಲಗೊಂಡು, ಸಹಜ ಕೈ ಮರಳುತ್ತದೆ. ಕನ್ನಡದಲ್ಲಾದರೆ ತಲೆಕಟ್ಟು ಅಕ್ಷರಕ್ಕೆ ತಾಗಿದೆಯೋ ಬಿಡಿಯಾಗಿದೆಯೋ, ಒತ್ತಕ್ಷರ ನೇರ ಕೆಳಗಿದೆಯೋ ಬಲಕ್ಕೆ ಸರಿದಿದೆಯೋ ಎಂಬುದನ್ನು ಭೂತಗನ್ನಡಿಯಲ್ಲಿ ಗಮನಿಸಬೇಕು. ‘ಕರ್ಮ’ದಂಥ ಪದವನ್ನು ಕೆಲವರು ಅರ್ಕಾವೊತ್ತು ಹಾಕಿ ಬರೆದರೆ, ಕೆಲವರು ರಕಾರಕ್ಕೆ ಮಕಾರದ ಒತ್ತು ಕೊಡುತ್ತಾರೆ, ವಾಲಿಕೆ ಬದಲಿಸುವವರಿಗೆ ಇದನ್ನೂ ಬದಲಿಸಬೇಕೆಂದು ಹೊಳೆಯುವುದು ಅಪರೂಪ. ಪದಗಳ ನಡುವಣ ಅಂತರ, ಅಂಚು ಬಿಡುವ ರೀತಿ, ಕಾಗುಣಿತದ ತಪ್ಪುಗಳೂ ಹೀಗೆಯೇ.

ಹೋಲಿಕೆಗೆ, ಶಂಕಿತರು ವಿವಾದಕ್ಕೆ ಮುಂಚೆ ಸಹಜವಾಗಿ ಬರೆದ ರಜೆ ಅರ್ಜಿ, ಬ್ಯಾಂಕ್ ಚಲನ್‌ನಂಥವನ್ನು ಸಂಗ್ರಹಿಸಬೇಕು. ಅವರಿಂದ ಹೊಸದಾಗಿ ಮಾದರಿ ಬರೆಸುವಾಗ ಮೂಕರ್ಜಿಯನ್ನು ತೋರಿಸದೆ, ಕಾಗುಣಿತ ಹೇಳಿಕೊಡದೆ, ಅಂಥದೇ ಪೆನ್ನು ಮತ್ತು ಕಾಗದ ಕೊಟ್ಟು, ಬಾಯಲ್ಲಿ ಹೇಳಿ ಹಲವು ಬಾರಿ ಬರೆಸಬೇಕು. ಬರೆದ ಹಾಳೆಯನ್ನು ಪ್ರತಿಸಲವೂ ಕಣ್ಣಿನಿಂದ ದೂರವಿಡಬೇಕು. ಸಾಮ್ಯಗಳನ್ನಷ್ಟೇ ಪಟ್ಟಿ ಮಾಡುವುದು ಪರಿಶೀಲನೆಯಲ್ಲ: ಕಾರಣ ಹೇಳಲಾಗದ ವ್ಯತ್ಯಾಸವೊಂದು ಪದೇಪದೇ ಕಂಡರೆ ಅದಕ್ಕೂ ಅಷ್ಟೇ ತೂಕ ಕೊಡಬೇಕು. ಅಕ್ಷರ ನೋಡಿ ಸ್ವಭಾವ ಹೇಳುವ ವಿದ್ಯೆಗೂ ಇದಕ್ಕೂ ಸಂಬಂಧವಿಲ್ಲ.

ಪ್ರಕರಣ ದಾಖಲಾದರೆ ಪೊಲೀಸರ ಮೂಲಕ ಕಾಗದಗಳು ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ತಜ್ಞರ ಅಭಿಪ್ರಾಯವನ್ನು ಪರಿಗಣಿಸಲು ಅವಕಾಶ ನೀಡಿದರೆ, 72ನೇ ಕಲಮಿನಡಿ ನ್ಯಾಯಾಲಯವೇ ಬರಹಗಳನ್ನು ಹೋಲಿಸಿ ನೋಡಬಹುದು. ಬರಹ ಎರಡೇ ಸಾಲಿನದಾಗಿದ್ದರೆ, ಅಥವಾ ರೂಢಿಯಿಲ್ಲದ ಕೈಯದಾಗಿದ್ದು ಅದೇ ಕೈಯ ಮಾದರಿ ದೊರೆಯದಿದ್ದರೆ, ‘ಅಭಿಪ್ರಾಯ ನೀಡಲಾಗದು’ ಎಂದು ಬರೆದುಕೊಡುವುದೇ ಸರಿಯಾದ ವರದಿ.