ಹೆಸರಿನ ಪಟ್ಟಿ ಓದಿಸಿದೆ, ಕೂಟ ತುಂಬಿತು

ಚರ್ಚಿನವರು ಮನೆಯಲ್ಲಿ ಪ್ರಾರ್ಥನೆಗೆ ಸೇರುವ ಮನೆಕೂಟ ನಡೆಸುವವರಿಗೆ ಈ ಮಾತು ಹೊಸದಲ್ಲ. "ಅಕ್ಕಾರ, ಸಭೆಯೊಳಗ ನಮ್ಮನ್ನ ಯಾರ ಕೇಳ್ತಾರ್ರೀ?" ಪ್ರಾರ್ಥನೆ ವಿಷಯ ಕೇಳಿದಾಗ ಇದು ಬರುವುದಿಲ್ಲ, ಚಪ್ಪಲಿ ಹಾಕಿಕೊಳ್ಳುವಾಗ ಬರುತ್ತದೆ. ಧಾರವಾಡದ ನಮ್ಮ ಕೂಟಕ್ಕೆ ಇದಕ್ಕೊಂದು ಮದ್ದು ಸಿಕ್ಕಿದೆ. ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯ. ಹೌದು, ಇಂಥಿಂಥವರಿಗೆ ವಂದನೆ ಹೇಳಿ ಅಂತ ಪೌಲ ಬರೆದ, ಎಲ್ಲರೂ ಹಾರಿಸಿ ಓದುವ ಆ ಹೆಸರಿನ ಪಟ್ಟಿಯೇ. "ಅದನ್ನ ಓದಿ ಯಾರಿಗೆ ಸಮಾಧಾನ ಆಗ್ತದ?" ಎಂದು ಹಿರಿಯರೊಬ್ಬರು ಎಲ್ಲರೆದುರೇ ನಕ್ಕಿದ್ದರು. ಏಳೆಂಟು ಜನ ಬರುತ್ತಿದ್ದ ಕೂಟಕ್ಕೆ ಈಗ ಇಪ್ಪತ್ತರ ಮೇಲೆ ಬರುತ್ತಾರೆ. ನಕ್ಕ ಆ ಹಿರಿಯರೂ ಬರುತ್ತಾರೆ.

ಮೊದಲು ದುಡ್ಡು ಸುರಿದ ಕಥೆ. ಸುಗ್ಗಿ ಹಬ್ಬದಲ್ಲಿ ದುಡಿದವರಿಗೆ ಶಾಲು ಹೊದಿಸಿದೆವು. ಶಾಲು, ಹಾರ, ಸ್ಟೀಲ್ ಡಬ್ಬಿ ಸೇರಿ ಆರೇಳು ಸಾವಿರ. ಸಿಕ್ಕವರು ಒಂದು ವಾರ ಖುಷಿಯಾಗಿದ್ದರು. ಸಿಗದವರು ಎರಡು ತಿಂಗಳು ಕೂಟದ ಕಡೆ ತಲೆ ಹಾಕಲಿಲ್ಲ. ಆಮೇಲೆ ಬೆಂಗಳೂರಿನಿಂದ ಒಬ್ಬ ಭಾಷಣಕಾರರು. ರೈಲು, ಊಟ, ಕಾಣಿಕೆ ಅಂತ ಹತ್ತಿರ ಹತ್ತಿರ ಐದು ಸಾವಿರ. ಪಕ್ಕದವರಿಗೆ "ನೀವು ಅಮೂಲ್ಯರು" ಎಂದು ಹೇಳಿಸಿದರು. ಹೇಳಿದರು, ನಕ್ಕರು, ಮನೆಗೆ ಹೋದರು. ದೇವರು ತಮಗೆ ಮಾಡಿದ್ದನ್ನು ಎದ್ದು ಹೇಳುವ ಸಾಕ್ಷಿ ಕೂಟ ಇಟ್ಟರೆ ಮಾತು ಬಲ್ಲ ಆ ಮೂವರೇ ಪ್ರತಿ ಸಲ ಎದ್ದು ನಿಂತರು.

ಈಗಿನ ಖರ್ಚು ಜೆರಾಕ್ಸ್, ಚಹಾ, ಚುರುಮುರಿ. ತಿಂಗಳಿಗೆ ನಾನೂರು ದಾಟುವುದಿಲ್ಲ.

ಮಾಡುವುದಿಷ್ಟೇ. ಹೆಸರುಗಳನ್ನು ಚೀಟಿ ಮಾಡಿ ಎತ್ತಿಸಿ. ಒಂದು ಸಲಕ್ಕೆ ನಾಲ್ಕೈದು ಸಾಕು. ಆ ವ್ಯಕ್ತಿಯ ಬಗ್ಗೆ ಏನು ಬರೆದಿದೆ, ಏನು ಬರೆದಿಲ್ಲ, ಎರಡನ್ನೂ ಚೀಟಿ ಎತ್ತಿದವರೇ ಹೇಳಬೇಕು. ಬರೆಯದೇ ಬಿಟ್ಟದ್ದರಲ್ಲೇ ಮಜಾ ಇರುವುದು.

ಪೆರ್ಸೀಸಳ ಚೀಟಿ ಬಂದದ್ದು ಚರ್ಚ್ ಗುಡಿಸುವ ಒಬ್ಬ ಅಕ್ಕನಿಗೆ. ಪ್ರಿಯಳು, ಕರ್ತನಿಗಾಗಿ ಬಹಳ ದುಡಿದಳು, ಅಷ್ಟೇ ಇದೆ. ಅಕ್ಕ ಜೆರಾಕ್ಸ್ ತಿರುಗಿಸಿ ಹಿಂದೆಯೂ ನೋಡಿದರು. "ಏನ್ ಕೆಲಸ ಮಾಡಿದ್ಳು ಅಂತ ಇಲ್ಲಲ್ರೀ?" ಇಲ್ಲ ಅಂದೆ. "ಆದ್ರೂ ಪೌಲಗ ಗೊತ್ತಿತ್ತು, ಅಲ್ಲೇನ್ರಿ?" ಬಾಯಿ ಬಿಡದ ಹೆಂಗಸು ಅವತ್ತು ಬೆಂಚಿನ ಕೆಳಗೆ ಸಿಗುವ ಚಾಕಲೇಟ್ ಕಾಗದದಿಂದ ಹಿಡಿದು ಎಲ್ಲಾ ಹೇಳಿದರು. ರೂಫನ ತಾಯಿಗಂತೂ ಹೆಸರೇ ಇಲ್ಲ. ಆದರೂ ಆಕೆ ನನಗೂ ತಾಯಿ ಅನ್ನುತ್ತಾನೆ ಪೌಲ. (ಮಾರ್ಕ 15ರಲ್ಲಿ ಬರುವ ರೂಫ ಇವನೇನಾ ಎಂಬ ವಾದ ಶುರುವಾದರೆ ತಡೆಯಿರಿ, ಸುಮ್ನೆ ಗಂಟೆ ಹೋಗುತ್ತದೆ.)

ನನಗೆ ನಾಟಿದವನು ತೆರ್ತ್ಯ. ಪೌಲ ಹೇಳುತ್ತಾ ಹೋದ, ಇವನು ಬರೆಯುತ್ತಾ ಹೋದ. ಅಷ್ಟುದ್ದದ ಪತ್ರಿಕೆಯಲ್ಲಿ ಅವನದು ಅಂತ ಇರುವುದು ಇದೇ ಅಧ್ಯಾಯದ 22ನೇ ವಚನ ಒಂದೇ. ಅದರಲ್ಲೂ ದೂರಿಲ್ಲ, ವಂದನೆ ಇದೆ. ನಮ್ಮ ಸಭೆಯ ಆರಾಧನಾ ಕ್ರಮವನ್ನು ವರ್ಷಗಟ್ಟಲೆಯಿಂದ ಟೈಪ್ ಮಾಡುವವಳು ನಾನು. ಅಕ್ಷರ ತಪ್ಪಾದ ಭಾನುವಾರ ಮಾತ್ರ ನನ್ನ ಹೆಸರು ಬರುತ್ತದೆ. ತೆರ್ತ್ಯನನ್ನು ಓದಿದ ಮೇಲೆ ಆ ಉರಿ ಬಹಳ ಇಳಿದಿದೆ.

ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಪಾರ್ಶ್ವವಾಯು ಹೊಡೆದ ಒಬ್ಬರು ನಮ್ಮಲ್ಲಿದ್ದಾರೆ. "ಆಕಿ ದುಡದ್ಳು, ಹೆಸರು ಬಂತು. ನಾ ಏನ್ ದುಡೀಲಿ?" ಎಂದು ಕೇಳಿಬಿಟ್ಟರು. ಆವತ್ತಿನಿಂದ ಲೂಕ 10:20 ಸೇರಿಸಿದ್ದೇನೆ. ದೆವ್ವಗಳೂ ನಮ್ಮ ಮಾತು ಕೇಳಿದವು ಎಂದು ಶಿಷ್ಯರು ಕುಣಿಯುತ್ತಾ ಬರುತ್ತಾರೆ. ಅದಕ್ಕಲ್ಲ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ, ಅದಕ್ಕೆ ಸಂತೋಷಪಡಿ ಅನ್ನುತ್ತಾನೆ ಯೇಸು. ದುಡಿಮೆ ಲೆಕ್ಕ ಹಾಕಿ ಬರೆದ ಪಟ್ಟಿ ಅಲ್ಲ ಅದು, ಕೃಪೆಯಿಂದ ಬರೆದದ್ದು. ಈ ವಚನವಿಲ್ಲದೆ ಹೋದರೆ ನಮ್ಮದು ಇನ್ನೊಂದು ಶಾಲು ಹಂಚಿಕೆ ಆಗುತ್ತದೆ ಅಷ್ಟೇ.

ಮುಗಿಸುವಾಗ ನಾನೊಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಕೂಟಕ್ಕೆ ಬಂದು ಕೇಳಿ.

ಒಬ್ಬರಿಗೆ ಮಾತ್ರ ಏನು ಓದಿಸಿದರೂ ಆಗಲಿಲ್ಲ. ನಿದ್ದೆ ಇಲ್ಲ, ಊಟ ಇಲ್ಲ. ನಮ್ಮೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಮಾತ್ರೆ ಶುರುವಾಯಿತು, ಪ್ರಾರ್ಥನೆಯೂ ನಡೆದಿದೆ. ಇದರಲ್ಲಿ ಹಿಂಜರಿಯಬೇಡಿ.

ಬೈಬಲಿನ ಬೇರೆ ಪಟ್ಟಿಗಳನ್ನೂ ನೋಡಿದೆ. ಒಂದನೇ ಪೂರ್ವಕಾಲವೃತ್ತಾಂತದ ಮೊದಲ ಅಧ್ಯಾಯಗಳು ಪೂರಾ ಫೇಲ್, ಅರ್ಧ ಜನ ತೂಕಡಿಸಿದರು. ನೆಹೆಮೀಯ 3 ಗಂಡಸರಿಗೆ ಹಿಡಿಸಿತು. ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು ಯೆರೂಸಲೇಮಿನ ಗೋಡೆ ಕಟ್ಟುತ್ತಾರೆ, ತೆಕೋವ ಊರಿನ ದೊಡ್ಡವರು ಮಾತ್ರ ಹೆಗಲು ಕೊಡುವುದಿಲ್ಲ. ಆ ಸಾಲು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರು 12ನೇ ವಚನದಲ್ಲಿ ಶಲ್ಲೂಮನ ಹೆಣ್ಣುಮಕ್ಕಳನ್ನು ಹುಡುಕಿ ತೆಗೆದರು.

ಕಮಿಟಿ ಚುನಾವಣೆಯಲ್ಲಿ ಸೋತವರಿಗೆ ಅಪೊಸ್ತಲರ ಕೃತ್ಯಗಳು 1. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಬಾರ್ಸಬ್ಬನೂ ಮತ್ತೀಯನೂ ನಿಂತರು, ಚೀಟಿ ಮತ್ತೀಯನಿಗೆ ಬಿತ್ತು. ಸೋತವನೂ ಮೊದಲಿನಿಂದ ಯೇಸುವಿನ ಜೊತೆ ಇದ್ದವನೇ, ಯೋಗ್ಯತೆ ಕಮ್ಮಿ ಇರಲಿಲ್ಲ. ಕಳೆದ ಸಲ ಫಲಿತಾಂಶ ಬಂದ ಮೇಲೆ ಓದಿಸಿದೆ, ಇಬ್ಬರು ಎದ್ದು ಹೋದರು. ಈ ಸಲ ನಾಮಪತ್ರ ಹಾಕುವ ಮುಂಚೆಯೇ ಓದಿಸಬೇಕು ಅಂತಿದ್ದೇನೆ.