ನೀರು ನುಗ್ಗಿದ ಮನೆಯನ್ನು ಇದ್ದ ಹಾಗೇ ಮಾರುವಾಗ

ನೀರು ಇಳಿದು ಮೂರು ದಿನವೂ ಆಗಿರಲಿಲ್ಲ. ಒಬ್ಬರು ಗೇಟಿನ ಹತ್ತಿರ ಬಂದು ನಿಂತರು. "ಮನೆ ಕೊಡ್ತೀರಾ? ಇದ್ದ ಹಾಗೇ ತಗೋತೀನಿ, ಪೂರ್ತಿ ಕ್ಯಾಶ್. ಈ ವಾರವೇ ಮುಗಿಸೋಣ" ಎಂದರು. ನನ್ನ ಕೈಯಲ್ಲಿ ಆಗ ಕೆಸರು ತುಂಬಿದ ಬಕೆಟ್ ಇತ್ತು. ಹೂಂ ಅಂದುಬಿಡೋಣ ಅನ್ನಿಸಿತು. ಕೊನೆಗೆ ನನಗೆ ಸಿಕ್ಕ ಬೆಲೆಯ ಮುಕ್ಕಾಲು ಭಾಗವೂ ಇರಲಿಲ್ಲ ಅವರು ಅವತ್ತು ಹೇಳಿದ್ದು.

ಹಾಗಂತ ಇದ್ದ ಹಾಗೇ ಮಾರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ರಿಪೇರಿಗೆ ಹಣವಿಲ್ಲ, ಮಳೆ ಸದ್ದಾದರೆ ನಿದ್ದೆ ಬರುವುದಿಲ್ಲ ಅನ್ನುವವರಿಗೆ ಅದೇ ಸರಿ ದಾರಿ. ನಾನೂ ಅದನ್ನೇ ಮಾಡಿದೆ. ಆದರೆ ಮನೆ ಒದ್ದೆಯಿರುವಾಗ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಆಗ ಮನೆಗೂ ಬೆಲೆ ಇರುವುದಿಲ್ಲ, ನಮಗೂ ತಲೆ ಓಡುವುದಿಲ್ಲ.

ಕ್ಯಾಶ್ ಅಂದರೆ ಚೀಲದಲ್ಲಿ ನೋಟು ಅಂತಲ್ಲ. ಕೊಳ್ಳುವವರು ಬ್ಯಾಂಕ್ ಸಾಲಕ್ಕೆ ಕಾಯುವುದಿಲ್ಲ, ಸ್ವಂತ ಹಣ ಕೊಡುತ್ತಾರೆ ಅಂತ ಅರ್ಥ. ಹಾಳಾದ ಮನೆಯ ಮೇಲೆ ಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂದೆಮುಂದೆ ನೋಡುತ್ತವೆ. ಅದಕ್ಕೇ ಇಂಥ ಮನೆಗೆ ಬರುವವರಲ್ಲಿ ಕ್ಯಾಶ್‌ನವರೇ ಜಾಸ್ತಿ. ಹಣ ಮಾತ್ರ ಬ್ಯಾಂಕ್ ಖಾತೆಯ ಮೂಲಕವೇ ಬರಲಿ.

ಮೊದಲ ದಿನಗಳ ಕೆಲಸ ಇಷ್ಟು. ಕರೆಂಟಿನ ಮೇನ್ ಆಫ್ ಆಗಿದೆ ಅಂತ ಖಾತ್ರಿಯಾಗುವವರೆಗೆ ಒಳಗೆ ಹೋಗಬೇಡಿ. ಏನನ್ನೂ ತೊಳೆಯುವ ಮುಂಚೆ ಪ್ರತಿ ಕೋಣೆಯ ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ ಇರುತ್ತದಲ್ಲ, ಅದರ ಪಕ್ಕದಲ್ಲಿ ಟೇಪ್ ಹಿಡಿದು ಎತ್ತರ ಕಾಣುವ ಹಾಗೆ ತೆಗೆಯಿರಿ. ಇನ್ಶೂರೆನ್ಸ್ ಇದ್ದರೆ ಕೂಡಲೇ ತಿಳಿಸಿ, ಅವರ ಕಡೆಯವರು ಬಂದು ನೋಡುವವರೆಗೆ ಮಾರಾಟದ ಮಾತು ಬೇಡ. ಕ್ಲೇಮ್ ಹಣ ಯಾರಿಗೆ ಸೇರಬೇಕು ಅಂತ ಆಮೇಲೆ ಕರಾರಿನಲ್ಲಿ ಬರೆಸಬೇಕಾಗುತ್ತದೆ. ಪರಿಹಾರದ ಹಣ ಏನಾದರೂ ಬರುವುದಿದ್ದರೆ ಮಾರಿದ ಮೇಲೂ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಒದ್ದೆಯಾದ ಮನೆ ಪತ್ರಗಳನ್ನು ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ಹಾಳೆಗಳು ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಬೂಷ್ಟು ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಪುರುಸೊತ್ತಾದಾಗ ತೆಗೆದು ಒಂದೊಂದಾಗಿ ಬಿಡಿಸಬಹುದು. ಈ ಮಧ್ಯೆ ದೃಢೀಕೃತ ನಕಲುಗಳಿಗೆ ಅರ್ಜಿ ಹಾಕಿ.

ಇನ್ನು ಖರ್ಚು. ಮಾರುವ ಮನೆಗೆ ಯಾಕೆ ದುಡ್ಡು ಸುರಿಯಬೇಕು ಅನ್ನಿಸುತ್ತದೆ, ನಿಜ. ಆದರೆ ಒಣಗಿಸುವುದಕ್ಕೆ ಖರ್ಚು ಮಾಡಿ. ಒದ್ದೆ ಗೋಡೆಯಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ನೆನೆದ ಹಾಸಿಗೆ, ಕಾರ್ಪೆಟ್, ಪ್ಲೈವುಡ್ ಎಲ್ಲ ಹೊರಗೆ ಹಾಕಿ. ಕಿಟಕಿ ತೆಗೆದು ಫ್ಯಾನ್ ಇಡಿ. ಚಾವಣಿ ಸೋರುತ್ತಿದ್ದರೆ ಟಾರ್ಪಾಲು ಹೊದಿಸಿ. ಅಷ್ಟು ಸಾಕು. ಪೇಂಟ್ ಹೊಡೆಸಬೇಡಿ. ಹೊಸ ಬಣ್ಣ ನೋಡಿದ ಕೂಡಲೇ ಇವರು ಏನನ್ನೋ ಮುಚ್ಚಿದ್ದಾರೆ ಅಂತ ಕೊಳ್ಳುವವರಿಗೆ ಅನುಮಾನ ಬರುತ್ತದೆ.

ಸ್ಟ್ರಕ್ಚರಲ್ ಇಂಜಿನಿಯರನ್ನು ನೀವೇ ಕರೆಸಿ. ನಾನು ಮಾಡಿದ ಅತ್ಯಂತ ಒಳ್ಳೆ ಕೆಲಸ ಇದು. ನಮ್ಮ ಮಲಗುವ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಇಳಿದಿತ್ತು. ನನಗೋ ಅದನ್ನು ನೋಡಿದರೆ ಎದೆ ಝಲ್ ಅನ್ನುತ್ತಿತ್ತು. ಇಂಜಿನಿಯರ್ ಅದರ ಎರಡು ತುದಿಗೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ತಾರೀಖು, ಅಗಲ 2 ಮಿಲಿಮೀಟರ್ ಅಂತ ಬರೆದರು. ಆಮೇಲೆ ಬಾಗಿಲ ಚೌಕಟ್ಟಿಗೆ ತೇವ ಅಳೆಯುವ ಮೀಟರಿನ ಎರಡು ಮುಳ್ಳು ಚುಚ್ಚಿದರು. ಶೇಕಡಾ 28 ತೋರಿಸಿತು. "20ಕ್ಕಿಂತ ಕೆಳಗೆ ಬರಲಿ, ಆಮೇಲೆ ಮಾತಾಡೋಣ. ಅದಕ್ಕಿಂತ ಮೇಲೇ ನಿಂತರೆ ಮರ ಕೊಳೆಯುತ್ತೆ" ಎಂದರು. ಆರು ವಾರ ಬಿಟ್ಟು ಬಂದಾಗ ಚೌಕಟ್ಟು 17ಕ್ಕೆ ಇಳಿದಿತ್ತು. ಬಿರುಕು ಪೆನ್ಸಿಲ್ ಗೆರೆ ದಾಟಿರಲಿಲ್ಲ. ಬಿರುಕು 5 ಮಿಲಿಮೀಟರಿಗಿಂತ ಅಗಲವಾಗಿದ್ದರೆ, ಇಟ್ಟಿಗೆ ಸಾಲಿನ ಮೇಲೆ ಮೆಟ್ಟಿಲ ಹಾಗೆ ಇಳಿದಿದ್ದರೆ, ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ ಮಾತೇ ಬೇರೆ. ಆಗ ಅಡಿಪಾಯದ ಪ್ರಶ್ನೆ ಬರುತ್ತದೆ. ನನಗೆ ಸಿಕ್ಕಿದ್ದು ಎರಡು ಪುಟದ ವರದಿ. ಆಮೇಲೆ ಬಂದವರು "ಅಡಿಪಾಯವೇ ಹೋಗಿದೆ ಅಲ್ವಾ" ಅಂದಾಗಲೆಲ್ಲ ನಾನು ಅದನ್ನು ಮುಂದಿಡುತ್ತಿದ್ದೆ.

ಈಗ ಬೆಲೆಯ ಲೆಕ್ಕ. ಹಾಳಾದ ಮನೆ ಕೊಂಡು, ಸರಿಮಾಡಿ ಮತ್ತೆ ಮಾರುವವರಲ್ಲಿ ಶೇಕಡಾ 70ರ ಲೆಕ್ಕ ಅಂತ ಒಂದಿದೆ. ಪೂರ್ತಿ ಸರಿಯಾದ ಮೇಲೆ ನಿಮ್ಮ ಮನೆಯ ಬೆಲೆ 100 ಅಂತ ಇಟ್ಟುಕೊಳ್ಳಿ. ಅದರಲ್ಲಿ 70 ಹಿಡಿದು, ರಿಪೇರಿ ಖರ್ಚು ಕಳೆಯುತ್ತಾರೆ. ರಿಪೇರಿ 25 ಆದರೆ ನಿಮಗೆ ಬರುವುದು 45. ಪಕ್ಕಕ್ಕಿಟ್ಟ 30ರಲ್ಲಿ ಅವರ ನೋಂದಣಿ ಖರ್ಚು, ತೆರಿಗೆ, ಮತ್ತೆ ಮಾರುವವರೆಗಿನ ಬಡ್ಡಿ, ಬ್ರೋಕರ್ ಕಮಿಷನ್, ಲಾಭ ಎಲ್ಲ ಬರುತ್ತದೆ. ನೋಡಿ, ಇದರಲ್ಲಿ ಎರಡು ಅಂಕಿಗಳನ್ನು ಅವರು ತಮಗೆ ಬೇಕಾದ ಹಾಗೆ ಹಿಡಿಯಬಹುದು. 100ನ್ನು 90 ಅನ್ನಬಹುದು, 25ನ್ನು 35 ಅನ್ನಬಹುದು. ಎರಡೂ ಮಾಡಿದರೆ ನಿಮ್ಮ 45 ಹೋಗಿ 28 ಆಗುತ್ತದೆ! ಅದಕ್ಕೇ ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ಅಂಥದೇ ಮನೆಗಳ ಬೆಲೆ ತಿಳಿದುಕೊಳ್ಳಿ. ಇಬ್ಬರು ಕಂಟ್ರಾಕ್ಟರುಗಳಿಂದ ರಿಪೇರಿ ಅಂದಾಜು ಬರೆಸಿಕೊಳ್ಳಿ. ಚೌಕಾಸಿಯಲ್ಲಿ ಸುಮ್ನೆ "ಸ್ವಲ್ಪ ಜಾಸ್ತಿ ಮಾಡಿ" ಅಂದರೆ ಯಾರೂ ಕೇಳುವುದಿಲ್ಲ. "ನೀವು ರಿಪೇರಿಗೆ ಎಷ್ಟು ಹಿಡಿದಿದ್ದೀರಿ, ಯಾವ ಯಾವ ಬಾಬತ್ತಿಗೆ?" ಅಂತ ಕೇಳಿ.

ಮನೆಯಿಲ್ಲದ ಬರೀ ಜಾಗದ ಬೆಲೆಯನ್ನೂ ತಿಳಿದಿರಿ. ಜಾಗಕ್ಕೆ 40, ಕೆಡವಿ ಸಾಗಿಸಲು 5 ಆಗುವುದಾದರೆ, 35ಕ್ಕಿಂತ ಕೆಳಗಿನ ಮಾತಿಗೆ ನೀವು ತಲೆಯಾಡಿಸಬೇಕಾಗಿಲ್ಲ. ಆದರೆ ಆ ಜಾಗದಲ್ಲಿ ಮತ್ತೆ ಕಟ್ಟಲು ಅನುಮತಿ ಸಿಗುತ್ತದೆ ಅಂತ ಮೊದಲು ಖಚಿತಮಾಡಿಕೊಳ್ಳಿ.

ಕನಿಷ್ಠ ಮೂವರಿಂದ ಬೆಲೆ ಬರೆಸಿಕೊಳ್ಳಿ. ಹಣ ಇದೆ ಅನ್ನುವುದಕ್ಕೆ ಬ್ಯಾಂಕಿನ ಪತ್ರವನ್ನೋ ಸ್ಟೇಟ್‌ಮೆಂಟನ್ನೋ ಕೇಳಿ. ನಿಜವಾಗಿ ಹಣವಿರುವವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕರಾರಿನಲ್ಲಿ ಕೊಳ್ಳುವವರ ಹೆಸರಿನ ಮುಂದೆ "ಅಥವಾ ಅವರು ಸೂಚಿಸಿದವರು" ಅಂತ ಇದೆಯಾ ನೋಡಿ. ಇದ್ದರೆ ಅವರು ನಿಮ್ಮ ಕರಾರನ್ನೇ ಇನ್ನೊಬ್ಬರಿಗೆ ಮಾರುವ ಯೋಚನೆಯಲ್ಲಿರಬಹುದು. ಆ ಇನ್ನೊಬ್ಬರು ಸಿಗದಿದ್ದರೆ ನೀವು ತಿಂಗಳುಗಟ್ಟಲೆ ಕಾಯುತ್ತೀರಿ. ನಾನು ಆ ಸಾಲನ್ನು ಹೊಡೆಸಿಹಾಕಿದೆ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಮೊದಲು ಒಪ್ಪಿದ್ದವರು ನೋಂದಣಿಗೆ ಎರಡು ದಿನ ಇರುವಾಗ ಫೋನ್ ಮಾಡಿ, "ಮತ್ತೊಮ್ಮೆ ನೋಡಿದೆವು, ವೈರಿಂಗ್ ಪೂರ್ತಿ ಬದಲಿಸಬೇಕು, ಬೆಲೆ ಇಳಿಸಿ" ಎಂದರು. ಸಾಮಾನೆಲ್ಲ ಆಗಲೇ ಲಾರಿಯಲ್ಲಿತ್ತು. ರಾತ್ರಿಯೆಲ್ಲ ಅಳು ಬಂತು. ಬೆಳಗ್ಗೆ ಆಗಲ್ಲ ಅಂದೆ. ಎರಡನೇ ಬೆಲೆ ಹೇಳಿದ್ದವರಿಗೆ ಫೋನ್ ಮಾಡಿದೆ, ಅವರು ಒಪ್ಪಿದರು. ನೀವು ಕರಾರಿನಲ್ಲೇ ಬರೆಸಿ: ಮನೆ ಪರೀಕ್ಷೆಗೆ ಇಷ್ಟೇ ದಿನ, ಏಳೋ ಹತ್ತೋ. ಅದು ದಾಟಿದ ಮೇಲೆ ಅವರು ಹಿಂದೆ ಸರಿದರೆ ಮುಂಗಡ ವಾಪಸ್ ಇಲ್ಲ. ಮುಂಗಡವೂ ಅವರು ಸುಲಭವಾಗಿ ಬಿಟ್ಟುಹೋಗುವಷ್ಟು ಚಿಕ್ಕದಾಗಿರಬಾರದು. ಸಹಿಗೆ ಮುಂಚೆ ಕರಾರನ್ನು ನಿಮ್ಮದೇ ವಕೀಲರು ಓದಲಿ, ಕೊಳ್ಳುವವರು ತೋರಿಸಿದ ವಕೀಲರಲ್ಲ.

ಇದ್ದ ಹಾಗೇ ಅಂದರೆ ಮುಚ್ಚಿಡಬಹುದು ಅಂತಲ್ಲ. ರಿಪೇರಿ ನಾನು ಮಾಡಿಕೊಡುವುದಿಲ್ಲ ಅಂತ ಅಷ್ಟೇ. ಗೊತ್ತಿರುವ ಹಾನಿಯನ್ನು ಹೇಳದೆ ಮಾರಿದರೆ ಆಮೇಲೆ ಕೋರ್ಟಿಗೆ ಎಳೆಯಬಹುದು. ನೀರು ಎಷ್ಟು ಎತ್ತರ ಬಂತು, ಎಷ್ಟು ದಿನ ನಿಂತಿತ್ತು, ಬೂಷ್ಟು ಎಲ್ಲಿತ್ತು, ಯಾವ ಸ್ವಿಚ್ ಕೆಲಸ ಮಾಡುವುದಿಲ್ಲ ಎಲ್ಲ ಪಟ್ಟಿ ಮಾಡಿದೆ. ಇಂಜಿನಿಯರ್ ವರದಿಯ ಜೊತೆ ಕೊಟ್ಟು, ಓದಿದ್ದೇವೆ ಅಂತ ಅವರ ಸಹಿ ಹಾಕಿಸಿಕೊಂಡೆ. ಹಾಗೆ ಮಾಡಿದ ಮೇಲೆ ನನಗೆ ನೆಮ್ಮದಿಯಾಯಿತು.

ಮನೆ ಮೇಲೆ ಸಾಲ ಇದ್ದರೆ ಬಾಕಿ ಎಷ್ಟು ಅಂತ ಬ್ಯಾಂಕಿನಿಂದ ಬರೆಸಿ ತನ್ನಿ. ಮಾರಿದ ಹಣದಲ್ಲಿ ಮೊದಲು ಅದು ತೀರಬೇಕು. ಪಾಲುದಾರರಿದ್ದರೆ ಎಲ್ಲರ ಸಹಿಯೂ ಬೇಕು. ಹಣ ಪೂರ್ತಿ ಖಾತೆಗೆ ಬಂದಿದೆ ಅಂತ ಬ್ಯಾಂಕಿನಲ್ಲೇ ಖಾತ್ರಿಮಾಡಿಕೊಂಡು ಆಮೇಲೆ ಕೀಲಿ ಕೊಡಿ, ಮೆಸೇಜ್ ಒಂದನ್ನೇ ನಂಬಬೇಡಿ. ಕರೆಂಟು, ನೀರಿನ ಮೀಟರುಗಳ ಫೋಟೋ ಅದೇ ದಿನ ತೆಗೆಯಿರಿ. ಇನ್ಶೂರೆನ್ಸನ್ನು ಅದಾದ ಮೇಲೆ ರದ್ದು ಮಾಡಿ, ಅದಕ್ಕಿಂತ ಒಂದು ದಿನವೂ ಮುಂಚೆ ಬೇಡ.